ಮೆಸೇಜ್ ಕಳಿಸಿ ಮೋಟಾರ್ ಓಡಿಸುವ ಬೋರ್ಡ್ ಮಾಡುವವರೇ, ‘ಡಿಲೇ’ ಹಾಕಿ ಸರಿಮಾಡಿದ ಕೋಡ್ ನಂಬಬೇಡಿ

ಮುಳಬಾಗಿಲು ಕಡೆಯ ಒಂದು ಟೊಮೆಟೊ ತೋಟ. 1200 ಅಡಿ ಬೋರು. ಸ್ಟಾರ್ಟರ್ ಪಕ್ಕದಲ್ಲಿ ಕೋಡು ಓಡಿಸುವ ಪುಟ್ಟ ಬೋರ್ಡು ಆರ್ಡುಯಿನೊ ಊನೊ, ಸಿಮ್ ಹಾಕಿ ಮೆಸೇಜ್ ಕಳಿಸಿ ಪಡೆಯುವ ಒಂದು ಸಿಮ್800ಎಲ್ ಮಾಡ್ಯೂಲ್, ಸ್ವಿಚ್ಚಿನ ಕೆಲಸಕ್ಕೆ ಎರಡು ರಿಲೇ. ಕೋಡು ಎಲ್ಲಿಂದಲೋ ಇಳಿಸಿಕೊಂಡು ಅಲ್ಲಲ್ಲಿ ತಿದ್ದಿದ್ದು. ಮನೆಯ ಮೇಜಿನ ಮೇಲೆ ವಾರಗಟ್ಟಲೆ ಸರಿಯಾಗಿಯೇ ನಡೆದಿತ್ತು. ಪಂಪ್‌ಹೌಸಿಗೆ ಹಾಕಿದ ಮೂರನೇ ರಾತ್ರಿ, ತ್ರೀ ಫೇಸ್ ಕರೆಂಟು ಬಂದ ಮೇಲೆ, ಯಾರೂ ಹೇಳದೆ ಮೋಟಾರ್ ತಾನಾಗಿ ಓಡಿತು. ‘ಆಫ್’ ಅಂತ ನಾಲ್ಕು ಸಲ ಮೆಸೇಜ್ ಹಾಕಿದರೂ ನಿಲ್ಲಲಿಲ್ಲ. ಬೋರಿನ ನೀರು ಮುಗಿದ ಮೇಲೂ ಒಣಗೇ ತಿರುಗಿ ವೈಂಡಿಂಗ್ ಸುಟ್ಟಿತು. ಅಷ್ಟು ಆಳದಿಂದ ಪೈಪ್ ಸಮೇತ ಮೋಟಾರ್ ಎತ್ತಿಸುವುದೆಂದರೆ ಏನು ಅಂತ ಕೋಲಾರ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಬೈಸಿಕೊಂಡಿದ್ದು ಸಿಗ್ನಲ್. ಆಮೇಲೆ ಸಿಮ್. ಹೊಸ ಮಾಡ್ಯೂಲ್ ಕೂಡ ಬಂತು. ತಪ್ಪು ಅಲ್ಲೆಲ್ಲೂ ಇರಲಿಲ್ಲ. ಸೀರಿಯಲ್ (ಮಾಡ್ಯೂಲಿನಿಂದ ಊನೊಗೆ ಅಕ್ಷರಗಳು ಒಂದೊಂದಾಗಿ ಬರುವ ದಾರಿ) ಓದುವ ಏಳೆಂಟು ಸಾಲಿನಲ್ಲಿ, ಸೆಟಪ್ಪಿನಲ್ಲಿ, ಒಂದು ತೆಳ್ಳನೆ ವೈರಿನಲ್ಲಿತ್ತು.

ಇಂಥ ಕೋಡು ಹಾಳಾಗುವ ಬಗೆ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. 9600 ಬಾಡ್‌ನಲ್ಲಿ (ಸೆಕೆಂಡಿಗೆ 9600 ಬಿಟ್ ವೇಗ) ಒಂದು ಬೈಟ್, ಅಂದರೆ ಒಂದು ಅಕ್ಷರ, ಬರಲು ಸುಮಾರು 1.04 ಮಿಲಿಸೆಕೆಂಡ್ ಬೇಕು. 16 ಮೆಗಾಹರ್ಟ್ಸ್ ಚಿಪ್‌ಗೆ ಅದು ಯುಗದಷ್ಟು ಹೊತ್ತು. ‘ಅವೈಲಬಲ್ ಇರುವ ತನಕ ಓದು’ ಎಂಬ ಲೂಪ್ ಎರಡಕ್ಷರ ಓದಿ, ಮುಂದಿನದು ಇನ್ನೂ ಬಂದಿಲ್ಲವೆಂದು ಹೊರಗೆ ಬಂದುಬಿಡುತ್ತದೆ. ಮೆಸೇಜ್ ತುಂಡುತುಂಡಾಗಿ ಸಿಗುತ್ತದೆ. ಇದಕ್ಕೆ ಮದ್ದು ಅಂತ ಓದುವ ಮೊದಲು 500 ಮಿಲಿಸೆಕೆಂಡ್ ಡಿಲೇ (ಸುಮ್ಮನೆ ಕಾಯುವ ಆದೇಶ) ಹಾಕುತ್ತಾರೆ. ಆಗ ಇನ್ನೊಂದು ಸಮಸ್ಯೆ: ಬಂದದ್ದನ್ನು ಓದುವ ತನಕ ಕೂಡಿಡುವ ಬಫರ್ ಇರುವುದೇ 64 ಬೈಟ್, ಅದು 67 ಮಿಲಿಸೆಕೆಂಡಿಗೆ ತುಂಬುತ್ತದೆ. ಉಳಿದದ್ದು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಕಳಿಸಿದವರ ನಂಬರು, ತಾರೀಕು, ಸಮಯ ಇರುವ ತಲೆಸಾಲೇ 50 ಬೈಟ್ ತಿನ್ನುತ್ತದೆ. ಒಂದು ‘ಆಫ್’ ಹೇಗೋ ತೂರಿಕೊಳ್ಳುತ್ತದೆ, ಬೆನ್ನಿಗೇ ಇನ್ನೊಂದು ಬಂದರೆ ಜಾಗವಿಲ್ಲ.

ಇದರ ಮೇಲೆ ಹಾಕುವ ಇನ್ನೊಂದು ತೇಪೆಯೇ ಅಪಾಯದ್ದು. ಸಾಲಿನ ಕೊನೆಗೆ ಕಣ್ಣಿಗೆ ಕಾಣದ 13 ಮತ್ತು 10 ಎಂಬ ಎರಡು ಬೈಟ್ ಇರುತ್ತವೆ. ಅದರಿಂದ ‘ಆನ್’ಗೆ ಸಮ ಇದೆಯೇ ಎಂದು ಹೋಲಿಸಿದರೆ ಸಮವಾಗುವುದಿಲ್ಲ. ಕಾರಣ ಹುಡುಕುವ ಬದಲು ‘ಒಳಗೆಲ್ಲಾದರೂ ಇದೆಯೇ ನೋಡು’ ಎಂಬ ಇಂಡೆಕ್ಸ್‌ಆಫ್ ಹಾಕಿಬಿಡುತ್ತಾರೆ. ಕೆಲಸ ಆಗುತ್ತದೆ, ಖುಷಿಯೂ ಆಗುತ್ತದೆ. ಆ ರಾತ್ರಿ ಬಂದಿದ್ದು ಜಾಹೀರಾತಿನ ಮೆಸೇಜ್. ಅದರ ಮೊದಲ ಪದ ಇಂಗ್ಲಿಷಿನ ಕಂಗ್ರ್ಯಾಚುಲೇಶನ್ಸ್. ಆ ಪದದ ಎರಡು, ಮೂರನೆಯ ಅಕ್ಷರ ಬಿಡಿಸಿ ನೋಡಿ: ಓ, ಎನ್. ಬೋರ್ಡಿಗೆ ಅಷ್ಟು ಸಾಕಾಯಿತು. ಕಳಿಸಿದ ನಂಬರು ಯಾರದ್ದು ಎಂದು ಕೋಡು ಕೇಳಲೇ ಇಲ್ಲ. (ಆಫರ್ ಅಂತ ಶುರುವಾಗುವ ಮೆಸೇಜ್ ಬಂದಿದ್ದರೆ ಓಡುವ ಮೋಟಾರ್ ನಿಲ್ಲುತ್ತಿತ್ತು!)

ಹಾಗಾದರೆ ತೋಟದವರ ‘ಆಫ್’ ಯಾಕೆ ಕೇಳಿಸಲಿಲ್ಲ? ಮೋಟಾರ್ ಓಡಿದೆ ಎಂದು ತಿಳಿಸಲು ಮಾಡ್ಯೂಲ್ ತಿರುಗಿ ಮೆಸೇಜ್ ಕಳಿಸಿತು. ಕಳಿಸುವ ಗಳಿಗೆಯಲ್ಲಿ ಅದು 2 ಆಂಪಿಯರ್‌ವರೆಗೆ ಎಳೆಯುತ್ತದೆ. ತೆಳ್ಳನೆ ಜಂಪರ್ ವೈರಿನಲ್ಲಿ ವೋಲ್ಟೇಜ್ 3.4ಕ್ಕಿಂತ ಕೆಳಗೆ ಬಿದ್ದು ಮಾಡ್ಯೂಲ್ ಒಂದೇ ರೀಸ್ಟಾರ್ಟ್ ಆಯಿತು, ಊನೊ ಆಗಲಿಲ್ಲ. ಮೆಸೇಜನ್ನು ಅಕ್ಷರರೂಪದಲ್ಲಿ ಕೊಡು ಎನ್ನುವ ಎಟಿ+ಸಿಎಂಜಿಎಫ್, ಬಂದೊಡನೆ ಸೀರಿಯಲ್‌ಗೆ ಕಳಿಸು ಎನ್ನುವ ಎಟಿ+ಸಿಎನ್‌ಎಂಐ ಎರಡೂ ಆದೇಶಗಳನ್ನು ಸೆಟಪ್‌ನಲ್ಲಿ ಒಮ್ಮೆ ಮಾತ್ರ ಕಳಿಸಿದ್ದರಿಂದ ಸೆಟ್ಟಿಂಗ್ ಹೋಯಿತು. ಆಮೇಲೆ ಬಂದ ಮೆಸೇಜುಗಳೆಲ್ಲ ಸಿಮ್‌ನೊಳಗೆ ಕೂತವು. ಸೀರಿಯಲ್‌ನಲ್ಲಿ ‘ಇಂತಿಷ್ಟನೇ ಜಾಗದಲ್ಲಿ ಇದೆ’ ಎಂಬ ಸೂಚನೆಯಷ್ಟೇ ಬಂತು. ಮೇಜಿನ ಮೇಲೆ ಇದು ಗೊತ್ತಾಗದ್ದಕ್ಕೆ ಕಾರಣವೂ ಇದೆ. ಅಲ್ಲಿ ರೀಸೆಟ್ ಆಗುತ್ತಿದ್ದುದು ಬರೀ ಊನೊ, ಮಾಡ್ಯೂಲ್ ಸೆಟ್ಟಿಂಗ್ ಉಳಿಸಿಕೊಂಡು ಕೂತಿರುತ್ತಿತ್ತು.

ಓದುವ ಭಾಗವನ್ನು ಹೀಗೆ ಬರೆಯಿರಿ. ಲೂಪ್‌ನಲ್ಲಿ ಎಲ್ಲೂ ಡಿಲೇ ಬೇಡ. ಒಂದೊಂದೇ ಬೈಟ್ ತೆಗೆದು 200 ಅಕ್ಷರದ ಕ್ಯಾರ್ ಅರೇಗೆ (ಅಕ್ಷರಗಳನ್ನು ಸಾಲಾಗಿ ಇಡುವ ಜಾಗಕ್ಕೆ) ಹಾಕಿ. 13 ಬಂದರೆ ಬಿಡಿ, 10 ಬಂದರೆ ಸಾಲು ಮುಗಿಯಿತು. ಅರೇ ತುಂಬಿದರೆ ಮುಂದೆ ಬರೆಯದಂತೆ ತಡೆ ಇರಲಿ. ಸಾಲು +ಸಿಎಂಟಿ ಎಂದು ಶುರುವಾದರೆ ಅದು ಹೊಸ ಮೆಸೇಜಿನ ತಲೆಸಾಲು, ನಂಬರಿನ ಕೊನೆಯ 10 ಅಂಕಿ ತಾಳೆ ನೋಡಿ. ಮುಂದಿನ ಸಾಲನ್ನು ಸ್ಟ್ರ್‌ಕಂಪ್‌ನಿಂದ ಪೂರ್ತಿ ಹೋಲಿಸಿ. ಸ್ಟ್ರಿಂಗ್ ಕ್ಲಾಸ್ ಬೇಡ, ಊನೊಗೆ ಇರುವುದು 2 ಕಿಲೋಬೈಟ್ ರ‍್ಯಾಮ್. ಶುರುವಿನಲ್ಲಿ ಓಕೆ ಬರುವ ತನಕ ಸೆಕೆಂಡಿಗೊಮ್ಮೆ ಎಟಿ ಕಳಿಸಿ, ಆಮೇಲೆ ವೇಗ ನಿಗದಿ ಮಾಡುವ ಎಟಿ+ಐಪಿಆರ್=9600, ಎಟಿ+ಸಿಎಂಜಿಎಫ್=1, ಎಟಿ+ಸಿಎನ್‌ಎಂಐ=2,2,0,0,0. ಪ್ರತಿಯೊಂದಕ್ಕೂ ಓಕೆ ಬಂತೇ ನೋಡಿ. ಮೋಟಾರ್ ಓಡುತ್ತಿರುವಾಗಲೂ ನಿಮಿಷಕ್ಕೊಮ್ಮೆ ಎಟಿ+ಸಿಎನ್‌ಎಂಐ? ಮತ್ತು ಎಟಿ+ಸಿಎಂಜಿಎಫ್? ಕೇಳಿ, ಉತ್ತರ ಬದಲಾಗಿದ್ದರೆ ಮತ್ತೆ ಕಳಿಸಿ.

ವೈರಿಂಗ್ ಮಾತು ಎರಡೇ. ಮಾಡ್ಯೂಲಿಗೆ 4 ವೋಲ್ಟ್, 2 ಆಂಪಿಯರ್ ಕೊಡುವ ಸಪ್ಲೈ ಇರಲಿ. ಅದರ ಪಿನ್ ಬುಡದಲ್ಲೇ 1000 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿ. ಅದರ ಸೀರಿಯಲ್ 2.8 ವೋಲ್ಟಿನದು. ಊನೊ ಅಕ್ಷರ ಕಳಿಸುವ ಪಿನ್ ಆದ ಟಿಎಕ್ಸ್‌ನಿಂದ ಬರುವ 5 ವೋಲ್ಟನ್ನು ಎರಡು 10 ಕಿಲೋಓಮ್ ರೆಸಿಸ್ಟರ್‌ನಿಂದ ಅರ್ಧಕ್ಕಿಳಿಸಿ. ಆ ಕಡೆಯಿಂದ ಬರುವ 2.8 ಎಲ್ಲರೂ ಮರೆಯುವ ಸಂಗತಿ: 5 ವೋಲ್ಟಿನ ಊನೊ ಖಾತ್ರಿಯಾಗಿ ‘1’ ಎಂದು ಒಪ್ಪುವುದು 3 ವೋಲ್ಟಿನಿಂದ ಮೇಲೆ. ಮನೆಯಲ್ಲಿ ನಡೆದುಬಿಡುತ್ತದೆ, ಮೋಟಾರಿನ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರ್ ಟಕ್ಕೆನ್ನುವ ಪ್ಯಾನಲ್ ಒಳಗೆ ಕೈಕೊಡುತ್ತದೆ. 3.3 ವೋಲ್ಟಿನ ಪ್ರೊ ಮಿನಿ ತಂದರೆ ಈ ತಲೆನೋವಿಲ್ಲ. ಹಾಂ, ಈ ಮಾಡ್ಯೂಲ್ 2ಜಿ ಮಾತ್ರ. ಜಿಯೋಗೆ 2ಜಿ ಇಲ್ಲ, ಅದರ ಸಿಮ್ ಹಾಕಿ ಕೋಡು ತಿದ್ದುತ್ತ ಕೂರಬೇಡಿ.

ಒಣ ಓಟ ತಡೆಯುವ ಕೆಲಸವನ್ನು ಕೋಡಿಗೆ ವಹಿಸಬೇಡಿ. ಪ್ಯಾನಲ್‌ನಲ್ಲಿ ಬೇರೆಯದೇ ಡ್ರೈ ರನ್ ಪ್ರಿವೆಂಟರ್ ಇರಲಿ. ನೀರು ಮುಗಿದು ಮೋಟಾರ್ ಎಳೆಯುವ ಕರೆಂಟು ಇಳಿದಾಗ ಅದು ಸ್ಟಾರ್ಟರನ್ನು ಬೀಳಿಸುತ್ತದೆ.

ಪಂಪ್‌ಹೌಸಿಗೆ ಒಯ್ಯುವ ಮೊದಲು, ಮೋಟಾರ್ ಬದಲು ಒಂದು ಬಲ್ಬ್ ಹಾಕಿಕೊಂಡು, ಅಕ್ಕಪಕ್ಕದವರ ಫೋನಿನಿಂದ ಕಂಗ್ರ್ಯಾಚುಲೇಶನ್ಸ್ ಅಂತ ಇಂಗ್ಲಿಷಿನಲ್ಲಿ ಕಳಿಸಿ ನೋಡಿ. ಆಮೇಲೆ ನಿಮ್ಮದೇ ನಂಬರಿನಿಂದ ಅದನ್ನೇ ಕಳಿಸಿ. ಎರಡಕ್ಕೂ ಬಲ್ಬ್ ಹತ್ತಬಾರದು. ಕೊನೆಗೆ ‘ಆನ್’ ಮಾಡಿ, ಮಾಡ್ಯೂಲಿನ ಸಪ್ಲೈ ಮಾತ್ರ ಕಿತ್ತು ಮತ್ತೆ ಚುಚ್ಚಿ, ಎರಡು ನಿಮಿಷ ಬಿಟ್ಟು ‘ಆಫ್’ ಕಳಿಸಿ. ಬಲ್ಬ್ ಆರಲಿಲ್ಲವೆಂದರೆ ಬೋರ್ಡು ಇನ್ನೂ ಮೇಜಿನ ಮೇಲೇ ಇರಲಿ.