ಮಳೆಗಾಲದ ಕ್ಯಾರಮೆಲ್ ಪಾಪ್‌ಕಾರ್ನ್: ಬಾಟಲಿ ಸಾಸ್, ಸಕ್ಕರೆ-ಬೆಣ್ಣೆ, ಬೆಲ್ಲದ ಪಾಕ

ಇದೆಲ್ಲ ಶುರುವಾದದ್ದು 349 ರೂಪಾಯಿ ಕೊಟ್ಟು ತಂದ ಒಂದು ಕ್ಯಾರಮೆಲ್ ಸಾಸ್ ಬಾಟಲಿಯಿಂದ. ಹೋದ ಜುಲೈಯಲ್ಲಿ ಬೆಂಗಳೂರಿನ ಮಾಲ್‌ಗೆ ಹೋಗಿದ್ದ ಮಗಳು ಕ್ಯಾರಮೆಲ್ ಪಾಪ್‌ಕಾರ್ನ್ ತಿಂದು ಬಂದು, ಶಿವಮೊಗ್ಗಕ್ಕೆ ಇಳಿದ ದಿನದಿಂದಲೇ ‘ಮನೇಲಿ ಮಾಡಮ್ಮ’ ಎಂದು ಬೆನ್ನು ಬಿದ್ದಳು. ಬಾಟಲಿಯ ಮೇಲೆ ಪಾಪ್‌ಕಾರ್ನ್ ಚಿತ್ರ ದೊಡ್ಡದಾಗೇ ಇತ್ತು. ನಂಬಿದೆ. ಬಿಸಿಬಿಸಿ ಪಾಪ್‌ಕಾರ್ನ್ ಮೇಲೆ ಧಾರೆಯಾಗಿ ಸುರಿದೆ. ಸುರಿದಲ್ಲೆಲ್ಲ ಅರಳು ಚುಂಯ್ ಎಂದು ಕುಗ್ಗಿತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಬಟ್ಟಲಲ್ಲಿ ಇದ್ದದ್ದು ಸಿಹಿ ಹಾಕಿದ ನೆಂದ ಮಂಡಕ್ಕಿ.

ಆಮೇಲೆ ಹಟಕ್ಕೆ ಬಿದ್ದು ಎರಡು ತಿಂಗಳಲ್ಲಿ ಸಕ್ಕರೆ-ಬೆಣ್ಣೆಯಲ್ಲಿ ನಾಲ್ಕು ಸಲ, ಬೆಲ್ಲದಲ್ಲಿ ಏಳೆಂಟು ಸಲ ಮಾಡಿದ್ದೇನೆ. ಈ ಲೆಕ್ಕ ನೋಡಿದರೇ ಗೊತ್ತಾಗುತ್ತದೆ ನನ್ನ ಓಟು ಯಾವುದಕ್ಕೆ ಅಂತ. ಬೆಲ್ಲಕ್ಕೇ. ಆದರೆ ಸಕ್ಕರೆಯದನ್ನು ಪೂರ್ತಿ ತೆಗೆದುಹಾಕುವ ಹಾಗಿಲ್ಲ, ಅದನ್ನೂ ಹೇಳುತ್ತೇನೆ.

ರುಚಿಯ ವಿಷಯ ಬೇಗ ಮುಗಿಸಿಬಿಡುತ್ತೇನೆ. ಮಾಲ್‌ನ ರುಚಿಯೇ ಬೇಕು ಅಂದರೆ ಸಕ್ಕರೆ-ಬೆಣ್ಣೆ. ಬೆಲ್ಲದ್ದಕ್ಕೆ ಆಲೆಮನೆಯ ವಾಸನೆ ಬರುತ್ತದೆ. ನನಗೆ ಅದೇ ಇಷ್ಟ, ಮಗಳಿಗೆ ಮೊದಲೆರಡು ಸಲ ಹಿಡಿಸಲಿಲ್ಲ. ಹಾಗಂತ ಇದು ನಮ್ಮ ಹಳ್ಳಿ ಅವತಾರ ಏನಲ್ಲ. ಅಮೆರಿಕದಲ್ಲಿ 1896ರಿಂದ ಅದೇ ಹೆಸರಲ್ಲಿ ಮಾರುತ್ತಿರುವ ಕ್ರ್ಯಾಕರ್ ಜ್ಯಾಕ್ ಅನ್ನುವ ತಿಂಡಿಯೂ ಪಾಪ್‌ಕಾರ್ನ್, ಶೇಂಗಾ, ಕಾಕಂಬಿ ಸೇರಿಸಿ ಮಾಡಿದ್ದೇ. ಕಾಕಂಬಿ ಅಂದರೆ ಕಬ್ಬಿನ ಹಾಲಿನಿಂದಲೇ ಬರುವ ಕಪ್ಪು ಪಾಕ, ಹಾಗಾಗಿ ಅದಕ್ಕೂ ಬೆಲ್ಲಕ್ಕೂ ನಂಟು ಇದ್ದೇ ಇದೆ.

ನನ್ನ ತಲೆ ತಿಂದದ್ದು ಒಂದೇ ಸಮಸ್ಯೆ: ಮೆತ್ತಗಾಗುವುದು. ನಮ್ಮೂರ ಮಳೆಗಾಲದಲ್ಲಿ ಹಪ್ಪಳವೇ ಡಬ್ಬದಲ್ಲಿ ಬಾಗುತ್ತದೆ, ಇನ್ನು ಪಾಪ್‌ಕಾರ್ನ್ ಯಾವ ಲೆಕ್ಕ ಎಂದು ಮೊದಲು ತೇವದ ಗಾಳಿಯನ್ನು ಬೈದೆ. ಆಮೇಲೆ ಗೊತ್ತಾಯಿತು, ಗಾಳಿಯದ್ದು ಸಣ್ಣ ತಪ್ಪು, ನನ್ನದೇ ದೊಡ್ಡದು. ಪಾಪ್‌ಕಾರ್ನ್ ಕಾಳಿನೊಳಗೆ ನೂರಕ್ಕೆ ಸುಮಾರು 14 ಭಾಗ ನೀರಿರುತ್ತದೆ. ಕಾಳು 180 ಡಿಗ್ರಿಯ ಆಸುಪಾಸಿಗೆ ಕಾದಾಗ ಆ ನೀರು ಆವಿಯಾಗಿ, ಒತ್ತಡಕ್ಕೆ ಸಿಪ್ಪೆ ಸಿಡಿದು ಅರಳುತ್ತದೆ. ನಾನು ಏನು ಮಾಡುತ್ತಿದ್ದೆ ಅಂದರೆ, ಅರಳಿದ ಮೇಲೂ ಮುಚ್ಚಳ ತೆಗೆಯದೆ ಕೂರಿಸುತ್ತಿದ್ದೆ. ಹೊರಗೆ ಬಂದ ಆವಿ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಅದರ ಮೇಲೇ ಬೀಳುತ್ತಿತ್ತು. ಅದರ ಮೇಲೆ ಸಾಸ್. ಸಾಸ್ ಅಂದರೆ ಫ್ರಿಡ್ಜಿನಲ್ಲಿಟ್ಟರೂ ಹರಿಯಬೇಕು ಅಂತಲೇ ನೀರು, ಕೆನೆ ಸೇರಿಸಿ ಮಾಡಿದ ಪದಾರ್ಥ. ಅದು ಯಾವ ಜನ್ಮಕ್ಕೂ ಗಟ್ಟಿಯಾಗುವುದಿಲ್ಲ. ಬಾಟಲಿಯ ಕಥೆ ಅಲ್ಲಿಗೆ ಮುಗಿಯಿತು.

ಸಕ್ಕರೆ-ಬೆಣ್ಣೆಯದ್ದು ಇಂಟರ್ನೆಟ್‌ನಲ್ಲಿ ಸಿಗುವ ಸಾಮಾನ್ಯ ವಿಧಾನ. 200 ಗ್ರಾಂ ಕಂದು ಸಕ್ಕರೆ, 100 ಗ್ರಾಂ ಬೆಣ್ಣೆ, ಕಾರ್ನ್ ಸಿರಪ್ (ಮೆಕ್ಕೆಜೋಳದಿಂದ ಮಾಡಿದ ಸಿಹಿ ಪಾಕ) ಸೇರಿಸಿ ನಾಲ್ಕೈದು ನಿಮಿಷ ಕುದಿಸಿ, ಕಾಲು ಚಮಚ ಅಡುಗೆ ಸೋಡಾ ಹಾಕಿ, ಪಾಪ್‌ಕಾರ್ನ್‌ಗೆ ಬೆರೆಸಿ, 120 ಡಿಗ್ರಿಯ ಓವನ್‌ನಲ್ಲಿ ಮುಕ್ಕಾಲು ಗಂಟೆ, ಕಾಲು ಗಂಟೆಗೊಮ್ಮೆ ಕೈಯಾಡಿಸುತ್ತ ಇಡುವುದು. ಕಾರ್ನ್ ಸಿರಪ್ ನಮ್ಮ ಗಾಂಧಿ ಬಜಾರಿನಲ್ಲಿ ಕೇಳಿದರೆ ಕೆಮ್ಮಿನ ಔಷಧಿ ಅಂದುಕೊಂಡರು. ಅದರ ಬದಲು ಅರ್ಧ ಚಮಚ ನಿಂಬೆರಸ ಹಾಕಿದೆ. ಪಾಕ ಮರಳುಮರಳಾಗದೆ ಉಳಿಯಿತು. (ಮೊದಲ ಸಲ ನಿಂಬೆರಸ ಹಾಕದೆ, ಸಾಲದ್ದಕ್ಕೆ ಸೌಟಿನಿಂದ ತಿರುವುತ್ತಲೇ ಇದ್ದು, ಬಾಂಡ್ಲಿ ತುಂಬ ಸಕ್ಕರೆ ಮರಳು ಮಾಡಿಕೊಂಡಿದ್ದೆ.)

ತೊಂದರೆ ಬಂದದ್ದು ಓವನ್ ಹಂತದಲ್ಲಿ. ಮೂರನೇ ಪ್ರಯತ್ನದ ದಿನ ಓಟಿಜಿ (ನಮ್ಮ ಕರೆಂಟಿನ ಪುಟ್ಟ ಓವನ್) ಒಳಗೆ ಟ್ರೇ ಇಟ್ಟು ಹನ್ನೆರಡು ನಿಮಿಷ ಆಗಿತ್ತು, ಕರೆಂಟ್ ಹೋಯಿತು. ಮಳೆ, ಗಾಳಿ, ಎಲ್ಲೋ ಮರ ಬಿದ್ದಿರಬೇಕು. ಬಂದದ್ದು ರಾತ್ರಿ ಒಂಬತ್ತಕ್ಕೆ. ಅಷ್ಟರಲ್ಲಿ ಟ್ರೇಯಲ್ಲಿದ್ದದ್ದು ಬೆರಳಿಗೆ ಅಂಟಿ ನೂಲು ಬಿಡುತ್ತಿತ್ತು. ಕುದಿಸಿದ ಪಾಕವೇ ತಾನೆ, ಯಾಕೆ ಗಟ್ಟಿಯಾಗಲಿಲ್ಲ ಎಂದು ಮರುದಿನ ಥರ್ಮಾಮೀಟರ್ ಇಟ್ಟು ನೋಡಿದೆ. ಐದು ನಿಮಿಷದ ಕುದಿಗೆ ಅದು 120 ಡಿಗ್ರಿ ಮುಟ್ಟಿತ್ತಷ್ಟೇ. ಸಕ್ಕರೆ ಪಾಕ ಕಡಿದರೆ ಕಟುಮ್ ಅನ್ನುವಂತೆ ಆಗಬೇಕಾದರೆ 150ರ ಹತ್ತಿರ ಹೋಗಬೇಕು. ಅಂದರೆ ಆ ವಿಧಾನದಲ್ಲಿ ಪಾಕದೊಳಗೆ ಇನ್ನೂ ನೀರು ಇರುವಾಗಲೇ ಇಳಿಸಿ, ಉಳಿದ ನೀರು ತೆಗೆಯುವ ಕೆಲಸವನ್ನು ಓವನ್‌ಗೆ ಒಪ್ಪಿಸುತ್ತಾರೆ. ಓವನ್ ನಿಂತರೆ ಎಲ್ಲವೂ ನಿಂತಂತೆ.

ಇದನ್ನೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಮ್ಮ ಅತ್ತೆ, ‘ಅಲ್ಲ ಮಾರಾಯ್ತಿ, ಆ ನೀರನ್ನ ಬಾಂಡ್ಲೀಲೇ ತೆಗೀಬಾರದಾ? ಚಿಕ್ಕಿಗೆ ಏನು ಓವನ್ ಇಡ್ತೀಯ?’ ಅಂದರು.

‘ಅಷ್ಟು ಹೊತ್ತು ಕಾಯಿಸಿದರೆ ಸೀದು ಹೋಗತ್ತೆ ಅತ್ತೆ.’

‘ಸೀಯೋಕೆ ಬಿಡು ಅಂದ್ನಾ ನಾನು? ಪಕ್ಕದಲ್ಲೇ ನಿಂತ್ಕೋ ಅಂದೆ.’

ಅವರು ಹೇಳಿದ ಹಾಗೆ ಬೆಲ್ಲದಲ್ಲಿ ಮಾಡಿದೆ. 100 ಗ್ರಾಂ ಕಾಳು ಅರಳಿಸಿದರೆ ನನ್ನ ನಾಲ್ಕು ಲೀಟರ್ ಪಾತ್ರೆ ತುಂಬುತ್ತದೆ. ಅದಕ್ಕೆ 200 ಗ್ರಾಂ ಬೆಲ್ಲ, ಮೂರು ಚಮಚ ನೀರು. ಬೆಲ್ಲ ಕರಗಿದ ಕೂಡಲೇ ಸೋಸಲೇಬೇಕು, ಕಬ್ಬಿನ ಸಿಬಿರು, ಕಲ್ಲು ಎಲ್ಲ ಇರುತ್ತದೆ. ಸೋಸಿದ್ದನ್ನು ಮತ್ತೆ ದಪ್ಪ ತಳದ ಬಾಂಡ್ಲಿಗೆ ಹಾಕಿ ಸಣ್ಣ ಉರಿ. ಮೊದಲು ದೊಡ್ಡ ಗುಳ್ಳೆ ಬಂದು ಉಕ್ಕುತ್ತದೆ, ಆಮೇಲೆ ಗುಳ್ಳೆ ಚಿಕ್ಕದಾಗಿ, ಒತ್ತೊತ್ತಾಗಿ, ಸದ್ದು ಕಡಿಮೆಯಾಗುತ್ತದೆ. ಆಗಿನಿಂದ ಕಣ್ಣು ತೆಗೆಯುವ ಹಾಗಿಲ್ಲ. ತಟ್ಟೆಯಲ್ಲಿ ತಣ್ಣೀರು ಇಟ್ಟುಕೊಂಡು ಒಂದೊಂದೇ ಹನಿ ಬಿಡುತ್ತ ಹೋಗಿ. ಮೊದಲ ಹನಿ ಹರಡುತ್ತದೆ. ಮುಂದಿನದು ಮೆತ್ತನೆ ಉಂಡೆಯಾಗುತ್ತದೆ. ಅದು ತಂಬಿಟ್ಟಿಗೆ ಸರಿ, ಇದಕ್ಕಲ್ಲ. ಇನ್ನೊಂದು ನಿಮಿಷಕ್ಕೆ ಜಗ್ಗಿದರೆ ಎಳೆಯುವಂಥ ಉಂಡೆ. ಕೊನೆಗೊಂದು ಹನಿ ನೀರಲ್ಲಿ ಕಲ್ಲಾಗಿ, ತಟ್ಟೆಗೆ ಕುಟ್ಟಿದರೆ ಟಣ್ ಅನ್ನುತ್ತದೆ, ಎರಡು ಬೆರಳಲ್ಲಿ ಹಿಡಿದು ಬಾಗಿಸಿದರೆ ಬಾಗದೆ ಟಕ್ಕೆಂದು ಮುರಿಯುತ್ತದೆ. ಆ ಟಣ್ ಮತ್ತು ಸೀದ ವಾಸನೆಯ ನಡುವೆ ಇರುವುದು ಅರ್ಧ ನಿಮಿಷ ಮಾತ್ರ. ಥರ್ಮಾಮೀಟರ್ ಡಬ್ಬದೊಳಕ್ಕೆ ಹೋದದ್ದು ಅವತ್ತೇ.

ಉರಿ ಆರಿಸಿ ಒಂದು ದೊಡ್ಡ ಚಮಚ ಬೆಣ್ಣೆ, ಚಿಟಿಕೆ ಉಪ್ಪು, ಕಾಲು ಚಮಚ ಸೋಡಾ. ಸೋಡಾ ಬಿದ್ದ ತಕ್ಷಣ ಪಾಕ ನೊರೆಯಾಗಿ ಎರಡರಷ್ಟು ಏಳುತ್ತದೆ, ಅದಕ್ಕೇ ಬಾಂಡ್ಲಿ ದೊಡ್ಡದಿರಲಿ. ಆ ನೊರೆಯ ಗಾಳಿಯಿಂದಲೇ ಲೇಪ ಹಗುರವಾಗಿ, ಹಲ್ಲಿಗೆ ಕಲ್ಲಾಗದೆ ಪುಡಿಯಾಗುತ್ತದೆ. ಸೋಡಾ ಬಿಟ್ಟು ಒಮ್ಮೆ ಮಾಡಿದಾಗ ಮಾವ ಒಂದು ಕಾಳು ಬಾಯಿಗೆ ಹಾಕಿಕೊಂಡು ಮೆಲ್ಲಗೆ ಕೈಗೆ ತೆಗೆದಿಟ್ಟರು. ಪಾಪ್‌ಕಾರ್ನ್ ಬೆಚ್ಚಗಿರಬೇಕು, ತಣ್ಣಗಿದ್ದರೆ ಪಾಕ ಹರಡುವ ಮೊದಲೇ ಗಡ್ಡೆ ಕಟ್ಟುತ್ತದೆ. ಎರಡು ಸೌಟಿನಲ್ಲಿ ಬೇಗ ಬೇಗ ತಿರುವಿ, ತುಪ್ಪ ಸವರಿದ ಪರಾತಕ್ಕೆ ಹರಡಿದರೆ ಆಯಿತು. ಮಕ್ಕಳನ್ನು ಹತ್ತಿರ ಬಿಡಬೇಡಿ, ಪಾಕದ ಸುಟ್ಟ ಗಾಯ ಎಣ್ಣೆಯದಕ್ಕಿಂತ ಕೆಟ್ಟದು, ಅಂಟಿಕೊಂಡೇ ಸುಡುತ್ತದೆ.

ಯಾವ ಪಾಕವಾದರೂ ಅರಳದ ಕಾಳನ್ನು ಮೊದಲೇ ಬೇರೆ ಮಾಡಿ. ನಾನು ಮೊರದಲ್ಲಿ ಕೇರುತ್ತೇನೆ.

ಕಿರಾಣಿ ಅಂಗಡಿಯ ಕಾಳು ರೆಕ್ಕೆ ಬಿಚ್ಚಿದಂತೆ ಅರಳುತ್ತದೆ, ತಿರುವುವಾಗ ಸ್ವಲ್ಪ ಪುಡಿಯಾಗುತ್ತದೆ. ಅಣಬೆಯಂತೆ ದುಂಡಗೆ ಅರಳುವ ಜಾತಿ ಇದಕ್ಕೆ ಇನ್ನೂ ಒಳ್ಳೆಯದು, ಆದರೆ ನನಗೆ ಆನ್‌ಲೈನ್‌ನಲ್ಲಿ ಸಿಕ್ಕಿದ್ದು ಎರಡು ಪಟ್ಟು ಬೆಲೆಗೆ. ಬಿಟ್ಟೆ. ಬೆಣ್ಣೆ ಹಾಕಿಯೇ ಬರುವ ಮೈಕ್ರೋವೇವ್ ಪೊಟ್ಟಣ ಬೇಡವೇ ಬೇಡ.

ಬಾಳಿಕೆಯಲ್ಲಿ ಸಕ್ಕರೆ-ಬೆಣ್ಣೆಯೇ ಗೆದ್ದಿತು, ಒಪ್ಪಿಕೊಳ್ಳಬೇಕು. ಕರೆಂಟ್ ಕೈಕೊಡದ ದಿನ ಮಾಡಿದ್ದು ಗಾಳಿಯಾಡದ ಡಬ್ಬದಲ್ಲಿ ಒಂಬತ್ತು ದಿನ ಗರಿಗರಿಯಾಗಿತ್ತು. ಬೆಲ್ಲದ್ದು ಐದನೇ ದಿನಕ್ಕೆ ಒಂದಕ್ಕೊಂದು ಅಂಟತೊಡಗಿತು. ಬೆಲ್ಲದ ಗುಣವೇ ಗಾಳಿಯ ತೇವ ಎಳೆದುಕೊಳ್ಳುವುದು; ಮಳೆಗಾಲದಲ್ಲಿ ಬೆಲ್ಲದ ಡಬ್ಬ ನೋಡಿದವರಿಗೆ ಹೇಳಬೇಕಾಗಿಲ್ಲ. ಹಬ್ಬಕ್ಕೆ ಡಬ್ಬ ಕಟ್ಟಿ ದೂರದೂರಿಗೆ ಕಳಿಸುವವರು, ಮನೆಯಲ್ಲಿ ಯುಪಿಎಸ್ ಓವನ್ ಎಳೆಯುತ್ತದೆ ಅನ್ನುವ ಭಾಗ್ಯವಂತರು ಸಕ್ಕರೆಯದನ್ನೇ ಮಾಡಿ. ನಮ್ಮ ಮನೆಯಲ್ಲಿ ಐದನೇ ದಿನದವರೆಗೆ ಉಳಿದದ್ದು ನಾನು ಪರೀಕ್ಷೆಗೆ ಅಂತ ಬಚ್ಚಿಟ್ಟ ಒಂದು ಹಿಡಿ ಮಾತ್ರ.

ಖರ್ಚು ಹೀಗಿದೆ: ಒಂದು ಪಾತ್ರೆಗೆ ಬೆಲ್ಲದ್ದು ಕಾಳು ಸೇರಿ 45 ರೂಪಾಯಿ ಒಳಗೆ. ಸಕ್ಕರೆಯದ್ದು ಬೆಣ್ಣೆಯ ದೆಸೆಯಿಂದ ನೂರು ದಾಟುತ್ತದೆ, ಓಟಿಜಿಯ ಕರೆಂಟ್ ಬೇರೆ. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ, ಉಪ್ಪು-ಮಸಾಲೆಯ ಬಿಡಿ ಪಾಪ್‌ಕಾರ್ನ್‌ಗೆ ಶೇ 5, ಪ್ಯಾಕ್ ಮಾಡಿದ್ದಕ್ಕೆ ಶೇ 12, ಸಕ್ಕರೆ ಬಿದ್ದರೆ ಅದು ಮಿಠಾಯಿ, ಹಾಗಾಗಿ ಶೇ 18 ಎಂದು ವಿವರಣೆ ಕೊಟ್ಟು ದೇಶವನ್ನೆಲ್ಲ ನಗಿಸಿತ್ತಲ್ಲ, ಆ ವಾರ ನಮ್ಮ ಮನೆಯಲ್ಲಿ ‘ಇದಕ್ಕೆಷ್ಟು ಟ್ಯಾಕ್ಸ್?’ ಎಂದು ಪ್ರತಿ ತಿಂಡಿಗೂ ಕೇಳುತ್ತಿದ್ದರು. ಆ ಚಟ ಈಗ ಈ ಪರಾತದ ಸುತ್ತ ಮತ್ತೆ ಶುರುವಾಗಿದೆ.

ಇದೇ ಬೆಲ್ಲದ ಪಾಕದಲ್ಲಿ ಟಾಫಿಯೂ ಆಗುತ್ತದೆ, ಆ ವಿಷಯದಲ್ಲಿ ಸಕ್ಕರೆಯದರ ಜೊತೆ ಹೋಲಿಕೆಯೇ ಬೇಕಿಲ್ಲ. ಪಾಕ ಸ್ವಲ್ಪ ಹೆಚ್ಚೇ ಮಾಡಿ, ಉಳಿದದ್ದಕ್ಕೆ ಹುರಿದು ಸಿಪ್ಪೆ ಉಜ್ಜಿದ ಶೇಂಗಾ ಹಾಕಿ ತಟ್ಟೆಗೆ ತಟ್ಟಿ, ಬಿಸಿಯಿರುವಾಗಲೇ ಚಾಕುವಿನಲ್ಲಿ ಗೆರೆ ಎಳೆದಿಡುತ್ತೇನೆ. ಬೆಣ್ಣೆ, ಸೋಡಾ ಬಿದ್ದಿರುವುದರಿಂದ ಅಂಗಡಿಯ ಚಿಕ್ಕಿಗಿಂತ ಮೃದು.

ಬಾಂಡ್ಲಿಗೆ ಕಚ್ಚಿದ ಪಾಕವನ್ನು ಉಜ್ಜಲು ಹೋಗಬೇಡಿ, ನೀರು ತುಂಬಿ ಕುದಿಸಿ, ತಾನೇ ಬಿಡುತ್ತದೆ. ಸಕ್ಕರೆ-ಬೆಣ್ಣೆಯ ಆ ಜಿಡ್ಡು ನೀರು ಬಚ್ಚಲಿಗೆ. ಬೆಲ್ಲದ್ದಕ್ಕೆ ಶುಂಠಿ ಜಜ್ಜಿ ಹಾಕಿ, ನಾಲ್ಕು ಕಾಳು ಮೆಣಸು, ಜೀರಿಗೆ ಸೇರಿಸಿ ಕಷಾಯ ಮಾಡುತ್ತೇನೆ. ಮೇಲೆ ಬೆಣ್ಣೆಯ ಎರಡು ಕಣ್ಣು ತೇಲುತ್ತವೆ. ಅತ್ತೆ ಮುಖ ಸಿಂಡರಿಸುತ್ತಾರೆ, ಮಾವ ಇನ್ನರ್ಧ ಲೋಟ ಕೇಳುತ್ತಾರೆ.