ಧ್ವನಿಪೆಟ್ಟಿಗೆಯ ಚಲಿಸುವ ಮಾದರಿ: ಒಂದು ವಿಮರ್ಶೆ

ನಾಲ್ಕು ತಿಂಗಳಿಂದ ತರಗತಿಯಲ್ಲಿ ಬಳಸುತ್ತಿರುವ ಈ ಮಾದರಿಯು, ಚಿತ್ರ ಬರೆದು ಎಷ್ಟು ವಿವರಿಸಿದರೂ ತಲೆಗೆ ಹತ್ತದ ಸಂಗತಿಯನ್ನು ಕ್ಷಣದಲ್ಲಿ ತೋರಿಸಿಕೊಡುತ್ತದೆ. ಉಂಗುರದಂತಿರುವ ಕ್ರೈಕಾಯ್ಡ್ ಮೃದ್ವಸ್ಥಿಯ ಹಿಂಬದಿಯಲ್ಲಿ ಕುಳಿತ ಎರಡು ಪುಟ್ಟ ಮೃದ್ವಸ್ಥಿಗಳಾದ ಅರಿಟಿನಾಯ್ಡ್‌ಗಳನ್ನು ಬೆರಳಿನಿಂದ ಹೊರಮುಖವಾಗಿ ಹೊರಳಿಸಿದರೆ ಧ್ವನಿತಂತುಗಳ ನಡುವೆ ತ್ರಿಕೋನಾಕಾರದ ದಾರಿ ತೆರೆದುಕೊಳ್ಳುತ್ತದೆ. ದೇಹದಲ್ಲಿ ಹೀಗೆ ತೆರೆಯುವ ಹೊಣೆ ಹಿಂಬದಿಯ ಕ್ರೈಕೋಅರಿಟಿನಾಯ್ಡ್ ಎಂಬ ಒಂದೇ ಜೋಡಿ ಸ್ನಾಯುವಿನದು; ಮುಚ್ಚುವುದಕ್ಕೋ ಹಲವು ಸ್ನಾಯುಗಳಿವೆ. ಉಸಿರಾಟದಷ್ಟು ಅಗತ್ಯವಾದ ಕೆಲಸಕ್ಕೆ ಇಷ್ಟು ಕಡಿಮೆ ಆಳುಗಳೇ ಎಂದು ವಿದ್ಯಾರ್ಥಿಗಳು ಬೆರಗಾಗುತ್ತಾರೆ.

ಕ್ರೈಕೋಥೈರಾಯ್ಡ್ ಸ್ನಾಯುವನ್ನು ಪ್ರತಿನಿಧಿಸುವ ರಬ್ಬರ್ ಪಟ್ಟಿ ಇದರ ಅತ್ಯುತ್ತಮ ಭಾಗ. ಅದನ್ನು ಬಿಗಿಗೊಳಿಸಿದಾಗ ಥೈರಾಯ್ಡ್ (ಗ್ರಂಥಿಯಲ್ಲ, ಕತ್ತಿನ ಮುಂದೆ ಉಬ್ಬಿ ಕಾಣುವ ಮೃದ್ವಸ್ಥಿ) ಮತ್ತು ಕ್ರೈಕಾಯ್ಡ್ ಮೃದ್ವಸ್ಥಿಗಳು ಮುಂಭಾಗದಲ್ಲಿ ಹತ್ತಿರವಾಗಿ, ತಂತುಗಳು ಉದ್ದವಾಗಿ ತೆಳುವಾಗುವುದು ಕಣ್ಣಿಗೆ ಕಾಣುತ್ತದೆ; ಹಾಡುಗಾರರು ತಾರಸ್ಥಾಯಿಗೆ ಏರುವಾಗ ನಡೆಯುವುದು ಇದೇ.

ಆದರೆ ತಂತುವಿನೊಳಗಿನ ಥೈರೋಅರಿಟಿನಾಯ್ಡ್ ಸ್ನಾಯುವನ್ನು ತಯಾರಕರು ಕೈಬಿಟ್ಟಿರುವುದರಿಂದ, ತಂತು ಗಿಡ್ಡವಾಗಿ ದಪ್ಪವಾಗುವ ಬಗೆಯನ್ನು ತೋರಿಸಲಾಗದು. ಸ್ನಾಯುಗಳು ತಂತುಗಳನ್ನು ಹದಕ್ಕೆ ತಂದು ನಿಲ್ಲಿಸುತ್ತವೆಯೇ ಹೊರತು, ಕಂಪನವನ್ನು ಉಂಟುಮಾಡುವುದು ಶ್ವಾಸಕೋಶದಿಂದ ಬರುವ ಗಾಳಿ ಎಂಬ ಮಾತನ್ನೂ ಕೈಪಿಡಿ ಹೇಳುವುದಿಲ್ಲ. ಎರಡನೇ ತಿಂಗಳಲ್ಲೇ ಎಡ ಅರಿಟಿನಾಯ್ಡ್‌ನ ತಿರುಪು ಸಡಿಲವಾಯಿತು. ಈಗ ಆ ಬದಿಯ ತಂತು, ನರ ಸೋತ ರೋಗಿಯದರಂತೆ, ಜೋತುಬಿದ್ದಿದೆ.