ದೊಡ್ಡಪ್ಪನ ವೆಬ್ಲಿಯೋ, ಅಪ್ಪನ ಜೋಡಿ ನಳಿಗೆಯೋ?

ಫೆಬ್ರವರಿಯಲ್ಲಿ ಕಾಫಿ ಕೊಯ್ಲು ಮುಗಿದ ವಾರ ಪಕ್ಕದ ತೋಟದ ದೊಡ್ಡಪ್ಪ ಕರೆಸಿದರು. ರಕ್ತಸಂಬಂಧದ ದೊಡ್ಡಪ್ಪ ಅಲ್ಲ, ಚಿಕ್ಕಂದಿನಿಂದ ಹಾಗೇ ಕರೆದು ರೂಢಿ. "ಮಗಾ, ನಂಗೆ 76 ಆಯ್ತು. ಈ ರಿವಾಲ್ವರ್ ನೀನೇ ತಗೋ. ಹೊರಗಿನವರು 2 ಲಕ್ಷ ಅಂತಿದಾರೆ, ನೀನು ಒಂದೂವರೆ ಕೊಡು ಸಾಕು" ಎಂದರು. ಅವರ ಅಪ್ಪನ ಕಾಲದ ವೆಬ್ಲಿ ಅಂಡ್ ಸ್ಕಾಟ್ ಅದು. ಗುಂಡಿನ ಅಳತೆ ಪಾಯಿಂಟ್ 32, ಆರು ಗುಂಡಿನದು. ಹುಡುಗನಾಗಿದ್ದಾಗ ಆಯುಧ ಪೂಜೆ ದಿನ ಅದನ್ನು ದೂರದಿಂದ ನೋಡಿ ಆಸೆಪಟ್ಟವನು ನಾನು.

ಆದರೆ ಆಸೆ ಇದೆ ಅಂತ ಸುಮ್ನೆ ಕೊಂಡುಕೊಳ್ಳುವ ಹಾಗಿಲ್ಲ. ಆಯುಧ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ ಒಬ್ಬರ ಹೆಸರಿನಲ್ಲಿ ರಿವಾಲ್ವರ್ ಸೇರಿ ಎರಡೇ ಕೋವಿ ಇರಬಹುದು. ಮೊದಲು ಮೂರು ಇತ್ತು. ನನ್ನ ಲೈಸೆನ್ಸ್‌ನಲ್ಲಿ ಅಪ್ಪನ 12 ಬೋರ್ ಜೋಡಿ ನಳಿಗೆ ಈಗಾಗಲೇ ಇದೆ. ಉಳಿದಿರುವುದು ಒಂದೇ ಜಾಗ. ಅಪ್ಪನ ಕೋವಿಯೂ ಹಿಡಿ ಸೀಳಿಕೊಂಡು ಐದು ವರ್ಷದಿಂದ ಮೂಲೆಯಲ್ಲಿತ್ತು. ಜೊತೆಗೆ ಆಲ್ದೂರಿನ ಭಾವ, "ಹಳೇದೆಲ್ಲ ಬಿಡು, ನನ್ನ ಹಾಗೆ ಹೊಸ ಪಾಯಿಂಟ್ 32 ತಗೋ" ಎನ್ನುತ್ತಿದ್ದರು. ಹೀಗೆ ಎದುರಿಗೆ ಮೂರು ದಾರಿ. ಮೂರನ್ನೂ ಕೈಯಲ್ಲಿ ಹಿಡಿದು ನೋಡಿಯೇ ತೀರ್ಮಾನಿಸಿದೆ.

ಮೊದಲು ವೆಬ್ಲಿ. ಚರ್ಮದ ಚೀಲದಿಂದ ಹೊರಗೆ ತೆಗೆದಾಗಲೇ ಎದೆ ಧಸಕ್ಕೆಂದಿತು. ಮೂಡಿಗೆರೆ ಕಡೆ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಚರ್ಮ ಆ ತೇವವನ್ನೆಲ್ಲ ಹೀರಿಕೊಂಡು ಉಕ್ಕಿಗೆ ಅಂಟಿಸಿ ಇಡುತ್ತದೆ. ಚರ್ಮ ತಾಗಿದ ಕಡೆಯೆಲ್ಲ ಕೆಂಪು ತುಕ್ಕು. ನಳಿಗೆ ಮಡಚುವ ಕೀಲಿನ ಸಂದಿನಲ್ಲಿ ಎಷ್ಟೋ ವರ್ಷದ ಪೂಜೆಯ ಕುಂಕುಮ ಗಟ್ಟಿಯಾಗಿ ಕೂತಿತ್ತು, ಅದರ ಅಡಿಯಲ್ಲೂ ತುಕ್ಕು. ಪೂಜೆ ಆದ ಮೇಲೆ ಒರೆಸಿ ಎಣ್ಣೆ ಹಚ್ಚಬೇಕು ಅಂತ ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ವಾಪಸ್ ತಂದದ್ದೂ ಹಾಗೇ ಚೀಲದೊಳಗೇ. 2023ರಲ್ಲೂ, 2024ರಲ್ಲೂ.

ಮನೆಯಲ್ಲೇ ಬಿಚ್ಚಿ ಉಜ್ಜೋಣ ಅನ್ನುವವರಿದ್ದಾರೆ. ದಯವಿಟ್ಟು ಬೇಡ. ಕೋವಿ ರಿಪೇರಿ ಮಾಡುವುದಕ್ಕೂ ಲೈಸೆನ್ಸ್ ಬೇಕು ಎಂದು ಆಯುಧ ಕಾಯ್ದೆಯೇ ಹೇಳುತ್ತದೆ. ದೊಡ್ಡಪ್ಪ ತಮ್ಮ ಲೈಸೆನ್ಸ್ ಪುಸ್ತಕ, ರಿವಾಲ್ವರ್ ಎರಡನ್ನೂ ತಾವೇ ಹಿಡಿದುಕೊಂಡರು. ನಾನು ಕಾರು ಓಡಿಸಿದೆ. ಹಾಸನದಲ್ಲಿ ಲೈಸೆನ್ಸ್ ಇರುವ ಹಳೇ ರಿಪೇರಿ ಮೇಸ್ತ್ರಿ ಒಬ್ಬರ ಮುಂದೆ ಅದನ್ನು ಇಟ್ಟೆವು.

ಅವರು ಮೇಲಿನ ತುಕ್ಕಿನ ಕಡೆ ನೋಡಲೇ ಇಲ್ಲ. "ಇದು ಹೋಗುತ್ತೆ ಬಿಡಿ, ಒಳಗೆ ನೋಡೋಣ" ಎಂದರು. ವೆಬ್ಲಿಯಲ್ಲಿ ಕೊಂಡಿ ಒತ್ತಿದರೆ ನಳಿಗೆ ಮುಂದಕ್ಕೆ ಮಡಚಿ, ನಕ್ಷತ್ರದಂಥ ತಟ್ಟೆ ಮೇಲೆದ್ದು ಆರೂ ಖಾಲಿ ಕಾಟ್ರಿಜ್‌ಗಳನ್ನು ಒಟ್ಟಿಗೆ ಹೊರಗೆ ತಳ್ಳುತ್ತದೆ. ನೋಡಲು ಎಷ್ಟು ಚೆಂದ! ಆದರೆ ನಳಿಗೆಯನ್ನು ಹಿಡಿದಿಡುವುದು ಆ ಕೀಲು ಮತ್ತು ಕೊಂಡಿ ಎರಡೇ. ಅವು ಸವೆದರೆ ಕೋವಿಯೇ ಸಡಿಲ. ಮೇಸ್ತ್ರಿ ಹಿಡಿಯನ್ನು ಬಿಗಿಯಾಗಿ ಹಿಡಿದು ನಳಿಗೆಯನ್ನು ಅಡ್ಡಡ್ಡ ಅಲುಗಿಸಿದರು. ಸಣ್ಣಗೆ 'ಟಿಕ್' ಅಂತು. ಇದಕ್ಕೆ ದಾರಿ ಇದೆ ಎಂದರು.

ಆಮೇಲೆ ಹ್ಯಾಮರ್ ಎಳೆದು ನಿಲ್ಲಿಸಿ ಸಿಲಿಂಡರನ್ನು ಬೆರಳಿನಿಂದ ಅಲುಗಿಸಿದರು. ಸಿಲಿಂಡರ್‌ನಲ್ಲಿ ಗುಂಡು ಕೂರುವ ಆರು ಕೋಣೆ ಇರುತ್ತವೆ. ನಾಲ್ಕು ಕೋಣೆಯಲ್ಲಿ ಗಟ್ಟಿ, ಎರಡರಲ್ಲಿ ಆಡುತ್ತಿತ್ತು. ಕೋಣೆ ನಳಿಗೆಗೆ ನೇರವಾಗಿ ನಿಲ್ಲದಿದ್ದರೆ ಗುಂಡು ನಳಿಗೆಯ ಬಾಯಿಗೆ ಓರೆಯಾಗಿ ಬಡಿದು ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಹಿಡಿದವನ ಕೈ, ಪಕ್ಕದಲ್ಲಿ ನಿಂತವನ ಕಣ್ಣು ಎರಡಕ್ಕೂ ಅಪಾಯ. ಟಾರ್ಚ್ ಬಿಟ್ಟು ನೋಡಿದರೆ ಅದೇ ಎರಡು ಕೋಣೆಯಲ್ಲಿ ತುಕ್ಕು ತಿಂದ ಗುಳಿಗಳು. ಈಡು ಹಾರಿದಾಗ ಹಿತ್ತಾಳೆ ಉಬ್ಬಿ ಆ ಗುಳಿಗಳಿಗೆ ಕಚ್ಚಿಕೊಳ್ಳುತ್ತದೆ, ಕಾಟ್ರಿಜ್ ಹೊರಗೆ ಬರುವುದಿಲ್ಲ. ತುಕ್ಕು ತಿಂದ ಉಕ್ಕನ್ನು ಮತ್ತೆ ತುಂಬಲು ಆಗುವುದಿಲ್ಲ, ಅಲ್ವಾ?

ಕೊನೆಯದು ನಂಬರ್. ನಳಿಗೆ ಮತ್ತು ಮೈ ಮೇಲೆ ಒಂದೇ ನಂಬರ್ ಇತ್ತು. ಸಿಲಿಂಡರ್ ಮೇಲೆ ಬೇರೆ! ಯಾವುದೋ ಕಾಲದಲ್ಲಿ ಯಾರೋ ಬೇರೆ ಕೋವಿಯ ಸಿಲಿಂಡರ್ ಕೂರಿಸಿದ್ದಾರೆ. ದೊಡ್ಡಪ್ಪನಿಗೂ ಇದು ಹೊಸ ಸುದ್ದಿ. ಅವರ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ತುಕ್ಕು, ಸಡಿಲ ಕೀಲು ಎರಡನ್ನೂ ನಾನು ಒಪ್ಪಿಕೊಳ್ಳುತ್ತಿದ್ದೆ. ಆದರೆ ಸಿಲಿಂಡರ್‌ಗೆ ಬದಲಿ ಎಲ್ಲಿಂದ ತರುವುದು? 1980ರ ದಶಕದಲ್ಲಿ ಆಮದು ನಿಂತ ಮೇಲೆ ಹಳೇ ವಿದೇಶಿ ಕೋವಿಗಳ ಬೆಲೆ ಏರಿದೆ, ಬಿಡಿಭಾಗ ಮಾತ್ರ ಸಿಗುವುದಿಲ್ಲ.

ಇನ್ನೊಂದು ಅಂಗಡಿಯವರು ಪಾಲಿಶ್ ಹೊಡೆದು, ಕಪ್ಪು ಬಣ್ಣ ಕೂರಿಸಿ ಹೊಸದರ ಹಾಗೆ ಮಾಡಿಕೊಡುತ್ತೇವೆ ಎಂದಿದ್ದರು. ಮೇಸ್ತ್ರಿಗೆ ಇದನ್ನು ಹೇಳಿದಾಗ ಸಿಟ್ಟೇ ಬಂತು. ಪಾಲಿಶ್ ಚಕ್ರಕ್ಕೆ ಹಿಡಿದರೆ ಅಂಚುಗಳು ಸವೆಯುತ್ತವೆ, ಕಂಪನಿಯ ಅಕ್ಷರ, ಬರ್ಮಿಂಗ್‌ಹ್ಯಾಮ್‌ನಲ್ಲಿ ಪರೀಕ್ಷೆ ಮಾಡಿ ಒತ್ತಿದ ಮುದ್ರೆ ಎಲ್ಲ ಅಳಿಸುತ್ತವೆ. ಅವರ ಮಾತು ನೂರಕ್ಕೆ ನೂರು ಸರಿ. ಹಳೇ ಕೋವಿಯ ತುಕ್ಕು ನಿಲ್ಲಿಸಬೇಕು, ಹೊಳಪು ತರಿಸಬಾರದು.

ಭಾವನ ಹೊಸ ಪಾಯಿಂಟ್ 32 ನಮ್ಮ ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಯದು. ಅದೂ ವೆಬ್ಲಿ ಹಾಗೆಯೇ ಮಡಚುತ್ತದೆ. ಭಾವ ಖಾಲಿ ಮಾಡಿ ಕೈಗೆ ಕೊಟ್ಟರು. ಕೀಲು ಬಿಗಿ, ಟ್ರಿಗರ್ ಮಾತ್ರ ತುಂಬ ಗಟ್ಟಿ. ಇಲ್ಲೇ ತಯಾರಾಗುವುದರಿಂದ ಬಿಡಿಭಾಗದ ಚಿಂತೆ ಇಲ್ಲ, ಕಾಟ್ರಿಜ್ ಕೂಡ ಪುಣೆಯ ಖಡ್ಕಿ ಕಾರ್ಖಾನೆಯದು ಸಿಗುತ್ತದೆ. ಹಗುರ ಬೇಕು ಅನ್ನುವವರಿಗೆ 2014ರಲ್ಲಿ ಬಂದ 'ನಿರ್ಭೀಕ್' ಇದೆ, ಸುಮಾರು 500 ಗ್ರಾಂ. ಬಂದಾಗ ಬೆಲೆ 1.22 ಲಕ್ಷದ ಮೇಲಿತ್ತು. ರಿವಾಲ್ವರ್ ಬೇಕೇ ಬೇಕು ಅನ್ನುವವರು ಹೊಸದನ್ನೇ ತೆಗೆದುಕೊಳ್ಳಲಿ.

ಆದರೆ ನನಗೆ ಯಾಕೆ ಬೇಕು? ಉದ್ದ ನಳಿಗೆಯ ಕೋವಿಗೆ ಕಾನೂನಿನಲ್ಲಿ ದಾರಿ ಸಲೀಸು. ರಿವಾಲ್ವರ್‌ಗೆ ತಕ್ಕ ಕಾರಣ ತೋರಿಸಬೇಕು. ಅರ್ಜಿ ಮುಂದಿಟ್ಟುಕೊಂಡು ಎರಡು ರಾತ್ರಿ ಕೂತೆ. ಪ್ರಾಮಾಣಿಕವಾಗಿ ಬರೆಯುವಂಥ ಒಂದು ಕಾರಣವೂ ನನ್ನ ಹತ್ತಿರ ಇರಲಿಲ್ಲ. ತೋಟಕ್ಕೆ ಆನೆ ಬರುತ್ತದೆ, ನಿಜ. ಅದಕ್ಕೂ ರಿವಾಲ್ವರ್‌ಗೂ ಏನು ಸಂಬಂಧ? ಆನೆ ಬಂದರೆ ಅರಣ್ಯದವರಿಗೆ ಫೋನ್ ಮಾಡಿ ಒಳಗಿರಬೇಕು, ಅಷ್ಟೇ.

ಉಳಿದದ್ದು ಅಪ್ಪನ ಜೋಡಿ ನಳಿಗೆ. ಮೇಸ್ತ್ರಿ ಹಿಡಿಯಿಂದ ನಳಿಗೆ ಬೇರೆ ಮಾಡಿ, ಕೊಕ್ಕೆಯಲ್ಲಿ ಒಂದು ಬೆರಳಿಗೆ ತೂಗುಹಾಕಿ, ಉಗುರಿನಿಂದ ತಟ್ಟಿದರು. ದೇವಸ್ಥಾನದ ಗಂಟೆ ಹಾಗೆ ನಾದ ಬಂತು. ಎರಡು ನಳಿಗೆಯ ಬೆಸುಗೆ ಬಿಟ್ಟಿದ್ದರೆ ಒಡೆದ ಮಡಕೆಯ ಸದ್ದು ಬರುತ್ತದಂತೆ. ಒಳಗೆ ಒಂದು ಗುಳಿಯೂ ಇಲ್ಲ. ಅಪ್ಪ ಅದನ್ನು ಚೀಲದಲ್ಲಿ ಇಟ್ಟವರೇ ಅಲ್ಲ. ಎಣ್ಣೆ ಬಟ್ಟೆ ಸುತ್ತಿ, ಒಲೆ ಮನೆಯ ಪಕ್ಕದ ಕೋಣೆಯ ಬೀರುವಿನಲ್ಲಿ ಬೀಗ ಹಾಕಿ ಇಡುತ್ತಿದ್ದರು. ಒಲೆಯ ಬಿಸಿಗೆ ಆ ಕೋಣೆ ಮಳೆಗಾಲದಲ್ಲೂ ಒಣಗಿರುತ್ತಿತ್ತು.

ಒಂದು ವಿಷಯ ಮಾತ್ರ ಬೆಚ್ಚಿಬೀಳಿಸಿತು. ಹಳೇ ಇಂಗ್ಲಿಷ್ ಕೋವಿಗಳ ಕೋಣೆ ಎಷ್ಟೋ ಸಲ ಎರಡೂವರೆ ಇಂಚು, ಅಂದರೆ 65 ಮಿಲಿಮೀಟರ್ ಕಾಟ್ರಿಜ್‌ಗೆ ಮಾಡಿದ್ದು. ನಮ್ಮದೂ ಅದೇ. 70 ಮಿಲಿಮೀಟರಿನದು ಹಾಕಿದರೂ ಸರಾಗವಾಗಿ ಒಳಗೆ ಹೋಗುತ್ತದೆ, ಮೋಸ ಇರುವುದೇ ಅಲ್ಲಿ. ಹಾರಿದಾಗ ಕಾಟ್ರಿಜ್‌ನ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ. ನಮ್ಮ ಮನೆಯ ಡಬ್ಬಿಯಲ್ಲಿ ಇದ್ದದ್ದೆಲ್ಲ 70. ಮನೆಯಲ್ಲಿ ಅಜ್ಜನ ಕೋವಿ ಇರುವವರು ದಯವಿಟ್ಟು ಇದನ್ನು ಅಳತೆ ಮಾಡಿಸಿ.

ಹಿಡಿಯ ಸೀಳಿಗೆ ಅಂಟು ಮತ್ತು ಒಳಪಿನ್ನು, ಒಂದು ಸ್ಪ್ರಿಂಗು, ಮರಕ್ಕೆ ಅಗಸೆ ಎಣ್ಣೆ. ಮೂರು ವಾರ, 14 ಸಾವಿರ. ದುಡ್ಡು ಅಲ್ಲಿಗೇ ಹಾಕಿದೆ. ಎರಡನೇ ಜಾಗ ಖಾಲಿಯೇ ಇರಲಿ.

ದೊಡ್ಡಪ್ಪನಿಗೆ ಹೇಳುವುದು ಕಷ್ಟವಾಯಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊರಗಿನವರಿಗೆ ಕೊಡೋದು ಬೇಡ ಅನ್ಸುತ್ತೆ ಕಣೋ" ಎಂದರು. ಮಾರಬೇಕಾದರೂ 45 ದಿನ ಮೊದಲೇ ಬರೆದು ತಿಳಿಸಬೇಕು. ಆದರೆ 70 ದಾಟಿದವರು ವಾರಸುದಾರರಿಗೆ ವರ್ಗಾಯಿಸಲು 2016ರ ಆಯುಧ ನಿಯಮದಲ್ಲಿ ಅವಕಾಶ ಇದೆ. ಮಗಳನ್ನು ಕೇಳಿ ನೋಡಿ ಎಂದೆ. ಗಂಡುಮಕ್ಕಳು ಬೇಡ ಎಂದಿದ್ದನ್ನು ಆಕೆ ಕೂಡಲೇ ಒಪ್ಪಿಕೊಂಡರು. ಈಡು ಹಾರಿಸಲು ಅಲ್ಲ, ಅಜ್ಜನ ವಸ್ತು ಮನೆಯಲ್ಲಿ ಉಳಿಯಲಿ ಅಂತ. ಅರ್ಜಿ ಹೋಗಿದೆ. ಮೇಸ್ತ್ರಿ ತುಕ್ಕು ತೆಗೆದು, ಕೀಲಿನ ಕುಂಕುಮ ಬಿಡಿಸಿ ಕೊಟ್ಟಿದ್ದಾರೆ. ಚರ್ಮದ ಚೀಲ ಈಗ ಬೇರೆ ಕಪಾಟಿನಲ್ಲಿದೆ. ಜೂನ್ ಮಳೆ ಹಿಡಿಯುವ ಮೊದಲು ಒಂದು ಸಲ ಹೋಗಿ, ದೊಡ್ಡಪ್ಪನ ಎದುರಿಗೇ ಕೂತು ಎಣ್ಣೆ ಬಟ್ಟೆ ಬದಲಿಸಿ ಬರುತ್ತೇನೆ.